ಪಶುವೈದ್ಯ ಪದವಿಗೆ ಮುನ್ನ: ಒಂದು ಸಂವಾದ

ಪಿಯುಸಿ ವಿಜ್ಞಾನ ಮುಗಿಸಿ ಪಶುವೈದ್ಯ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗೆ ಸೀಟು ಕೈಗೆಟುಕುವುದು ಅನುಮಾನವೆನಿಸಿದಾಗ, ಸದ್ಯಕ್ಕೆ ಯಾವುದಾದರೂ ಬಿ.ಎಸ್ಸಿ. ಪದವಿ ಪಡೆದು ಆಮೇಲೆ ಪಶುವೈದ್ಯ ಕಾಲೇಜಿಗೆ ಸೇರಬಹುದೆಂಬ ಸಲಹೆ ಬಂಧುಬಳಗದಿಂದ ತಪ್ಪದೆ ಬರುತ್ತದೆ. ಒಂದು ಪದವಿ ಇನ್ನೊಂದು ಪದವಿಗೆ ಪೂರ್ವಸಿದ್ಧತೆಯಾಗುತ್ತದೆ ಎಂಬ ಈ ಎಣಿಕೆ ಕೆಲವು ದೇಶಗಳ ಮಟ್ಟಿಗೆ ಸರಿಯಾದರೂ, ಭಾರತದ ಕಾನೂನು ಮತ್ತು ಪ್ರವೇಶ ವ್ಯವಸ್ಥೆಯ ಮುಂದೆ ನಿಲ್ಲುವುದಿಲ್ಲ. ಹಾಗಿದ್ದೂ ಅದು ಮತ್ತೆ ಮತ್ತೆ ಕೇಳಿಬರುತ್ತದೆ ಎಂದ ಮೇಲೆ ಅದರ ಹಿಂದಿರುವ ಕಾರಣಗಳನ್ನು ತಾಳ್ಮೆಯಿಂದ ಪರಿಶೀಲಿಸುವುದು ಅಗತ್ಯ. ತುಮಕೂರು ನಗರದ ಅಂಚಿನ ಅಂತರಸನಹಳ್ಳಿಯಲ್ಲಿ ಒಂದು ಕಡೆ ಸಗಟು ತರಕಾರಿ ಮಾರುಕಟ್ಟೆಯೂ ಇನ್ನೊಂದು ಕಡೆ ಕೈಗಾರಿಕಾ ಪ್ರದೇಶವೂ ಇದ್ದು, ದನಕರುಗಳಿಗೆ ಎರಡೂ ಕಡೆ ಅಪಾಯವಿರುವುದರಿಂದ, ಪಶುವೈದ್ಯ ಶಿಕ್ಷಣದ ಚರ್ಚೆಗೆ ಅದು ತಕ್ಕ ನೆಲೆಯಾಗಿದೆ. ಸಂವಾದದಲ್ಲಿ ಪಾಲ್ಗೊಂಡವರು ಇಬ್ಬರು: ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ಆ ಮಾರುಕಟ್ಟೆಗೆ ತರಕಾರಿ ತರುವ, ಮನೆಯಲ್ಲಿ ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುವ ಒಬ್ಬ ಪೋಷಕರು, ಮತ್ತು ಸರ್ಕಾರಿ ಸೇವೆಯಿಂದ ನಿವೃತ್ತರಾದ ಒಬ್ಬ ಪಶುವೈದ್ಯರು.

ಪೋಷಕ: ಡಾಕ್ಟರೇ, ಮಗಳಿಗೆ ಸೆಕೆಂಡ್ ಪಿಯುಸಿಯಲ್ಲಿ ಅಂಕ ಚೆನ್ನಾಗಿಯೇ ಬಂದಿದೆ, ಆದರೆ ಸಿಇಟಿಯ ಪಶುವೈದ್ಯ ರ‍್ಯಾಂಕು ಸೀಟು ಸಿಗುವಷ್ಟು ಮೇಲಿದೆಯೋ ಇಲ್ಲವೋ ಎಂಬ ಅನುಮಾನವಿದೆ. ತುಮಕೂರಿನಲ್ಲೇ ಪ್ರಾಣಿಶಾಸ್ತ್ರ ಇರುವ ಬಿ.ಎಸ್ಸಿ.ಗೆ ಸೇರಿಸಿ, ಮೂರು ವರ್ಷದ ತಳಪಾಯ ಗಟ್ಟಿಯಾದ ಮೇಲೆ ಪಶುವೈದ್ಯಕ್ಕೆ ಕಳಿಸಿದರೆ ಆಗದೇ? ಪ್ರಾಣಿಶಾಸ್ತ್ರ ಓದಿದವರಿಗೆ ಪ್ರಾಣಿಗಳ ವೈದ್ಯಕ್ಕೆ ದಾರಿ ಸಲೀಸಾಗಿರಬೇಕಲ್ಲ.

ಪಶುವೈದ್ಯ: ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಯಜಮಾನರೇ, ಆದರೆ ವ್ಯವಸ್ಥೆ ಹಾಗಿಲ್ಲ. ಭಾರತದಲ್ಲಿ ಪಶುವೈದ್ಯ ಶಿಕ್ಷಣವೇ ಮೊದಲ ಪದವಿ. ಅದರ ಪೂರ್ಣ ಹೆಸರು ಬ್ಯಾಚುಲರ್ ಆಫ್ ವೆಟರ್ನರಿ ಸೈನ್ಸ್ ಅಂಡ್ ಅನಿಮಲ್ ಹಸ್ಬೆಂಡ್ರಿ, ಅಂದರೆ ಪಶುವೈದ್ಯ ವಿಜ್ಞಾನ ಮತ್ತು ಪಶುಸಂಗೋಪನೆಯ ಸ್ನಾತಕ ಪದವಿ, ಬಳಕೆಯಲ್ಲಿ ಬಿ.ವಿ.ಎಸ್ಸಿ. ಭಾರತೀಯ ಪಶುವೈದ್ಯ ಪರಿಷತ್ತು 2016ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಅದರ ಅವಧಿ ಐದೂವರೆ ವರ್ಷ. ನಾಲ್ಕೂವರೆ ವರ್ಷ ಪಾಠ, ಉಳಿದ ಒಂದು ವರ್ಷ ಆಸ್ಪತ್ರೆ ಮತ್ತು ಫಾರ್ಮುಗಳಲ್ಲಿ ಕೈಕೆಲಸದ ತರಬೇತಿ, ಅಂದರೆ ಇಂಟರ್ನ್‌ಶಿಪ್. ಅದಕ್ಕೆ ಕೇಳುವ ಅರ್ಹತೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರುವುದೇ ಹೊರತು ಬಿ.ಎಸ್ಸಿ. ಅಲ್ಲ. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವರು ಪಶುವೈದ್ಯಕ್ಕೆ ಬರಬೇಕೆಂದರೆ ಮತ್ತೆ ಅದೇ ಪ್ರವೇಶ ಪರೀಕ್ಷೆಯನ್ನು ಬರೆದು, ಅದೇ ರ‍್ಯಾಂಕಿನ ಸಾಲಿನಲ್ಲಿ ನಿಂತು, ತಮಗಿಂತ ಮೂರು ವರ್ಷ ಕಿರಿಯರ ಜೊತೆ ಮೊದಲ ವರ್ಷದಿಂದಲೇ ಆರಂಭಿಸಬೇಕು. ಪಡೆದ ಪದವಿಗಾಗಿ ಒಂದು ಅಂಕವೂ ಸೇರುವುದಿಲ್ಲ, ಒಂದು ವರ್ಷವೂ ಕಡಿಮೆಯಾಗುವುದಿಲ್ಲ.

ಪೋಷಕ: ಬಿ.ಎಸ್ಸಿ. ಮುಗಿಸಿ ಪಶುವೈದ್ಯದ ಸ್ನಾತಕೋತ್ತರ ಪದವಿಗೆ ನೇರವಾಗಿ ಸೇರಿಕೊಂಡರೆ?

ಪಶುವೈದ್ಯ: ಆ ಬಾಗಿಲೂ ಇಲ್ಲ. ಪಶುವೈದ್ಯ ಸ್ನಾತಕೋತ್ತರ ಪದವಿಯಾದ ಎಂ.ವಿ.ಎಸ್ಸಿ.ಗೆ ಬಿ.ವಿ.ಎಸ್ಸಿ. ಆಗಿರಲೇಬೇಕು. ಇದು ವಿಶ್ವವಿದ್ಯಾಲಯದ ಹಟವಲ್ಲ, ವೃತ್ತಿಯನ್ನು ನಿಯಂತ್ರಿಸುವ ಕಾನೂನಿಗೆ ಹೊಂದಿಕೊಂಡ ಕ್ರಮ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ಪ್ರಕರಣದಂತೆ, ಮಾನ್ಯತೆ ಪಡೆದ ಪಶುವೈದ್ಯ ಪದವಿಯಿದ್ದು ಪರಿಷತ್ತಿನ ದಾಖಲೆಯಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ಪಶುವೈದ್ಯ ವೃತ್ತಿಯನ್ನು ನಡೆಸಬಹುದು, ಸರ್ಕಾರದ ಪಶುವೈದ್ಯ ಹುದ್ದೆಯಲ್ಲಿಯೂ ಅಂಥವರೇ ಇರಬೇಕು. ಆದ್ದರಿಂದ ಪ್ರಾಣಿಯ ರೋಗವನ್ನು ಗುರುತಿಸಿ, ಔಷಧ ಬರೆದು, ಶಸ್ತ್ರಚಿಕಿತ್ಸೆ ಮಾಡುವ ಅಧಿಕಾರ ಬೇಕೆಂದರೆ ಬಿ.ವಿ.ಎಸ್ಸಿ.ಯನ್ನು ಸುತ್ತಿಕೊಂಡು ಹೋಗುವ ಒಳದಾರಿ ಯಾವುದೂ ಇಲ್ಲ.

ಪೋಷಕ: ಆದರೆ ಅಮೆರಿಕದಲ್ಲಿ ನೆಲೆಸಿರುವ ನೆಂಟರ ಮಗ ಮೊದಲು ನಾಲ್ಕು ವರ್ಷ ಜೀವಶಾಸ್ತ್ರದ ಪದವಿ ಓದುತ್ತಿದ್ದಾನೆ, ಪಶುವೈದ್ಯ ಕಾಲೇಜು ಆಮೇಲೆ ಎನ್ನುತ್ತಾನೆ. ಅಲ್ಲಿ ಇರುವುದು ಇಲ್ಲಿ ಏಕಿಲ್ಲ?

ಪಶುವೈದ್ಯ: ಈ ಗೊಂದಲಕ್ಕೆ ಮೂಲವೇ ಅದು. ಅಮೆರಿಕದಲ್ಲಿ ಪಶುವೈದ್ಯ ಶಿಕ್ಷಣವು ಸಾಮಾನ್ಯವಾಗಿ ಮೊದಲ ಪದವಿಯ ನಂತರದ ನಾಲ್ಕು ವರ್ಷದ ವೃತ್ತಿಪದವಿ. ಅದಕ್ಕೆ ಮೊದಲು ಓದುವುದನ್ನು ಅಲ್ಲಿ ಪ್ರೀ-ವೆಟ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಪ್ರತ್ಯೇಕವಾದ ಪದವಿಯಲ್ಲ, ಪಶುವೈದ್ಯ ಕಾಲೇಜುಗಳು ಕೇಳುವ ವಿಷಯಗಳ ಒಂದು ಕಂತೆ. ಜೀವಶಾಸ್ತ್ರ, ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದವನ್ನು ಪೂರೈಸಿದ್ದರೆ, ಮುಖ್ಯ ವಿಷಯ ಪಶುಸಂಗೋಪನೆಯಾಗಿರಲಿ ಇತಿಹಾಸವಾಗಿರಲಿ, ಅರ್ಜಿ ಹಾಕಬಹುದು. ಅಂಕಗಳ ಜೊತೆಗೆ ಪಶುವೈದ್ಯರ ಕೈಕೆಳಗೆ ಎಷ್ಟು ಗಂಟೆ ಕೆಲಸ ಮಾಡಲಾಗಿದೆ ಎಂಬ ಲೆಕ್ಕವನ್ನೂ, ಅವರ ಶಿಫಾರಸು ಪತ್ರವನ್ನೂ ಅಲ್ಲಿ ಕೇಳುತ್ತಾರೆ. ಹೀಗಾಗಿ ಯಾವ ಪದವಿ ಓದಿದರೆ ಪಶುವೈದ್ಯಕ್ಕೆ ಒಳ್ಳೆಯ ಸಿದ್ಧತೆಯಾದೀತು ಎಂಬ ಪ್ರಶ್ನೆ ಅಲ್ಲಿ ಅರ್ಥಪೂರ್ಣ. ಆದರೆ ಇದು ಜಗತ್ತಿನ ಏಕೈಕ ಪದ್ಧತಿಯಲ್ಲ. ಬ್ರಿಟನ್ನಿನಲ್ಲಿ ಭಾರತದಂತೆಯೇ ಶಾಲೆ ಮುಗಿಸಿದ ಕೂಡಲೇ ಪಶುವೈದ್ಯ ಕಾಲೇಜಿಗೆ ಸೇರುತ್ತಾರೆ.

ಪೋಷಕ: ಭಾರತ ಈ ಎರಡನೆಯ ಪದ್ಧತಿಯನ್ನು ಹಿಡಿದದ್ದು ಬ್ರಿಟಿಷರು ಬಿಟ್ಟುಹೋದ ಅಭ್ಯಾಸದಿಂದಲೇ ಇರಬೇಕು.

ಪಶುವೈದ್ಯ: ಬಹುಮಟ್ಟಿಗೆ ಹೌದು, ಆದರೆ ಅಭ್ಯಾಸದ ಹಿಂದೆ ಒಂದು ಅಗತ್ಯವೂ ಇತ್ತು. ಆಧುನಿಕ ಪಶುವೈದ್ಯ ಶಾಲೆಗಳಲ್ಲಿ ಮೊದಲನೆಯದು 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸ್ಥಾಪನೆಯಾಯಿತು. ಯುರೋಪಿನ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್, ಅಂದರೆ ಹಳ್ಳಿಗಳಲ್ಲಿ ದೊಡ್ಡ ರೋಗವೆಂದು ಕರೆಯುತ್ತಿದ್ದ ಪಿಡುಗು, ಅದಕ್ಕೆ ಒಂದು ಮುಖ್ಯ ಕಾರಣ. ಭಾರತದಲ್ಲಿ 1882ರಲ್ಲಿ ಲಾಹೋರ್, 1886ರಲ್ಲಿ ಮುಂಬಯಿ, 1903ರಲ್ಲಿ ಮದರಾಸು ಎಂದು ಪಶುವೈದ್ಯ ಶಾಲಾಕಾಲೇಜುಗಳು ಹುಟ್ಟಿಕೊಂಡಾಗ ಸರ್ಕಾರಕ್ಕೆ ಬೇಕಾಗಿದ್ದದ್ದು ಸೇನೆಯ ಕುದುರೆಗಳನ್ನು ನೋಡಿಕೊಳ್ಳುವ, ದನಗಳ ಪಿಡುಗನ್ನು ತಡೆಯುವ ಇಲಾಖೆಯ ಸಿಬ್ಬಂದಿ; ಆದ್ದರಿಂದ ಶಾಲೆಯಿಂದ ಬಂದವರನ್ನು ನೇರವಾಗಿ ತರಬೇತುಗೊಳಿಸುವ ಕ್ರಮ ಬೇರೂರಿತು. ಮೈಸೂರು ಸಂಸ್ಥಾನವು ಅದೇ ದೊಡ್ಡ ರೋಗದ ವಿರುದ್ಧ ಸೀರಂ ತಯಾರಿಸಲು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು, 1958ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಆರಂಭವಾಯಿತು. ಆ ಪಿಡುಗು ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯರು ಸಂಪೂರ್ಣವಾಗಿ ಅಳಿಸಿಹಾಕಿದ ರೋಗ ಅದೊಂದೇ. ಇಲಾಖೆಯ ಅಗತ್ಯಕ್ಕಾಗಿ ರೂಪುಗೊಂಡ ಶಿಕ್ಷಣ ಕ್ರಮ ಸಾಧಿಸಿದ್ದು ಸಣ್ಣದಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಪೋಷಕ: ಸಾಧನೆ ದೊಡ್ಡದೇ ಇರಲಿ, ಹದಿನೇಳು ವರ್ಷದ ಮಗುವಿನ ಮೇಲೆ ಇಡೀ ಬದುಕಿನ ತೀರ್ಮಾನವನ್ನು ಹೊರಿಸುವುದು ಸರಿಯೇ? ಪಿಯುಸಿಯಲ್ಲಿ ಎಡವಿದವರು, ಪದವಿ ಓದುವಾಗ ಇದೇ ತಮ್ಮ ಕೆಲಸವೆಂದು ಕಂಡುಕೊಂಡವರು, ಇಂಥವರಿಗೆ ಹಿಂದಿರುಗಿ ಬರಲು ಒಂದು ಬಾಗಿಲಾದರೂ ಬೇಡವೇ? ಮೂರು ವರ್ಷ ಪ್ರಾಣಿಶಾಸ್ತ್ರ ಓದಿದವರ ತಿಳಿವಳಿಕೆಗೆ ಸೊನ್ನೆ ಬೆಲೆ ಕಟ್ಟುವುದು ನ್ಯಾಯವಾಗಿ ಕಾಣುವುದಿಲ್ಲ.

ಪಶುವೈದ್ಯ: ಈ ಆಕ್ಷೇಪಕ್ಕೆ ಎದುರು ಮಾತಿಲ್ಲ, ಪದವೀಧರರಿಗೆ ಸೇತುವೆಯಂಥ ಒಂದು ಪ್ರವೇಶ ಮಾರ್ಗವಿದ್ದರೆ ವೃತ್ತಿಗೂ ಲಾಭವೇ ಆಗುತ್ತಿತ್ತು. ವಾಸ್ತವದಲ್ಲಿ ತೀರ್ಮಾನ ಹದಿನೇಳಕ್ಕೂ ಮೊದಲೇ, ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಅರ್ಜಿ ತುಂಬುವ ದಿನವೇ ಆಗಿಹೋಗಿರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನು ಆರಿಸುವ ಪಿಸಿಎಂಬಿ ಗುಂಪಿಗೂ, ಕಂಪ್ಯೂಟರ್ ವಿಜ್ಞಾನವನ್ನು ಆರಿಸುವ ಪಿಸಿಎಂಸಿ ಗುಂಪಿಗೂ ಒಂದೇ ಅಕ್ಷರದ ವ್ಯತ್ಯಾಸ. ಎರಡನೆಯದನ್ನು ಹಿಡಿದವರಿಗೆ ಪಶುವೈದ್ಯದ ದಾರಿ ಅಲ್ಲಿಗೇ ಮುಚ್ಚುತ್ತದೆ. ಹಾಗಾಗಿ ಭಾರತದಲ್ಲಿ ಪಶುವೈದ್ಯ ಪದವಿಗೆ ಪೂರ್ವಸಿದ್ಧತೆ ಎಂದು ಕರೆಯಬಹುದಾದದ್ದು ಯಾವುದಾದರೂ ಇದ್ದರೆ ಅದು ಪಿಯುಸಿಯ ಎರಡು ವರ್ಷಗಳು ಮತ್ತು ಮನೆಯ ಕೊಟ್ಟಿಗೆ. ಮಗಳು ನೀಟ್ ಬರೆದಿದ್ದಾಳೆಯೇ?

ಪೋಷಕ: ಬರೆದಿದ್ದಾಳೆ, ಆದರೆ ಅದು ಎಂಬಿಬಿಎಸ್‌ಗೆ ಎಂದುಕೊಂಡು, ಅಂಕ ಕಡಿಮೆಯಾಯಿತೆಂದು ಮನೆಯಲ್ಲಿ ಎಲ್ಲರೂ ಅದನ್ನು ಕೈಬಿಟ್ಟಿದ್ದಾರೆ.

ಪಶುವೈದ್ಯ: ಹಾಗೆ ಕೈಬಿಡುವುದು ಬೇಡ. ಪಶುವೈದ್ಯ ಕಾಲೇಜುಗಳಲ್ಲಿ ಶೇ. 15ರಷ್ಟು ಸೀಟುಗಳನ್ನು ಅಖಿಲ ಭಾರತ ಕೋಟಾ ಎಂದು ಬೇರೆ ಇಟ್ಟು, ನೀಟ್ ಅಂಕಗಳ ಆಧಾರದ ಮೇಲೆ ಪಶುವೈದ್ಯ ಪರಿಷತ್ತೇ ಪ್ರತ್ಯೇಕ ಕೌನ್ಸೆಲಿಂಗ್ ನಡೆಸಿ ಹಂಚುತ್ತದೆ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿಯ ಮೂಲಕ ಹಂಚುತ್ತದೆ, ಅದರಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಒಂದು ಪಾಲೂ ಇದೆ. ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗ ಮತ್ತು ಅಥಣಿಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ತುಮಕೂರಿನವರು ಹೆಬ್ಬಾಳ ಮತ್ತು ಹಾಸನಗಳನ್ನಷ್ಟೇ ಬರೆದು ಆಯ್ಕೆಪಟ್ಟಿಯನ್ನು ಮುಗಿಸುವುದುಂಟು. ಹುಡುಗಿಯನ್ನು ಅಥಣಿಗೋ ಬೀದರಿಗೋ ಕಳಿಸಲಾರೆವೆಂಬ ಸಂಕೋಚದಿಂದಲೇ ಎಷ್ಟೋ ಮನೆಗಳು ಸಿಗಬಹುದಾದ ಸೀಟನ್ನು ಕಳೆದುಕೊಳ್ಳುತ್ತವೆ.

ಪೋಷಕ: ದೂರದ ಮಾತು ಹಾಗಿರಲಿ, ಡಾಕ್ಟರೇ, ಹೆಣ್ಣುಮಗಳಿಗೆ ಈ ಕೆಲಸ ಆದೀತೇ ಎಂಬ ಪ್ರಶ್ನೆಯನ್ನು ಊರಿನಲ್ಲಿ ಕೇಳುತ್ತಾರೆ. ಕರು ಅಡ್ಡ ಸಿಕ್ಕಿಕೊಂಡಾಗ ಗಂಡಸರು ನಾಲ್ಕು ಜನ ಹಿಡಿದು ಎಳೆಯುವುದನ್ನು ಎಲ್ಲರೂ ನೋಡಿದ್ದಾರೆ.

ಪಶುವೈದ್ಯ: ನಾಲ್ಕು ಜನ ಎಳೆದು ಕರುವನ್ನೂ ತಾಯಿಯನ್ನೂ ಕಳೆದುಕೊಂಡದ್ದನ್ನೂ ಅವರು ನೋಡಿರಬೇಕು. ಕರುವಿನ ತಲೆ ಹಿಂದಕ್ಕೆ ತಿರುಗಿದೆಯೋ, ಮುಂಗಾಲು ಮಡಚಿದೆಯೋ ಎಂಬುದನ್ನು ಕೈಯಿಂದ ತಡವಿ ತಿಳಿದು, ಕರುವನ್ನು ಒಳಕ್ಕೆ ತಳ್ಳಿ ಜಾಗ ಮಾಡಿಕೊಂಡು, ಭಂಗಿಯನ್ನು ಸರಿಪಡಿಸಿದ ಮೇಲೆಯೇ ಎಳೆಯುವ ಮಾತು. ಅದೂ ಹಸು ಮುಕ್ಕಿದಾಗ ಮಾತ್ರ. ಇಲ್ಲಿ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಶರೀರರಚನೆಯ ತಿಳಿವಳಿಕೆ. ಪಶುವೈದ್ಯ ಕಾಲೇಜುಗಳ ತರಗತಿಗಳಲ್ಲಿ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿದ್ದು, ಹಳ್ಳಿಯ ಆಸ್ಪತ್ರೆಗಳಲ್ಲಿಯೂ ಮಹಿಳಾ ವೈದ್ಯಾಧಿಕಾರಿಗಳು ಕೆಲಸ ಮಾಡುತ್ತಿದ್ದಾರೆ. ಊರಿನ ಪ್ರಶ್ನೆಗೆ ಅದೇ ಉತ್ತರ.

ಪೋಷಕ: ಹಾಗಾದರೆ ಓದಿನ ಒಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಪಿಯುಸಿಯ ರಸಾಯನಶಾಸ್ತ್ರ, ಭೌತಶಾಸ್ತ್ರ ಕೊಟ್ಟಿಗೆಗೆ ಹೇಗೆ ಬರುತ್ತವೆ?

ಪಶುವೈದ್ಯ: ಒಂದು ನಿದರ್ಶನ ಸಾಕು. ಮೂರು ನಾಲ್ಕು ಕರು ಹಾಕಿದ, ಚೆನ್ನಾಗಿ ಹಾಲು ಕೊಡುವ ಸೀಮೆಹಸು ಕರು ಹಾಕಿದ ಒಂದೆರಡು ದಿನದಲ್ಲಿ ನೆಲ ಹಿಡಿದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗುತ್ತದೆ; ಕಿವಿ ತಣ್ಣಗಿರುತ್ತದೆ, ಮೂತಿ ಒಣಗಿರುತ್ತದೆ, ಮೈಯ ಉಷ್ಣಾಂಶ ಸಹಜಕ್ಕಿಂತ ಇಳಿದಿರುತ್ತದೆ. ಜನ ಇದನ್ನು ಹಾಲುಜ್ವರ ಎನ್ನುತ್ತಾರೆ. ಗಿಣ್ಣುಹಾಲಿನ ಮೂಲಕ ಇದ್ದಕ್ಕಿದ್ದಂತೆ ಹೊರಹೋಗುವ ಕ್ಯಾಲ್ಸಿಯಂನ ಪ್ರಮಾಣಕ್ಕೆ ಸರಿಸಾಟಿಯಾಗಿ ಮೂಳೆ ಮತ್ತು ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಬಾರದೆ, ಸ್ನಾಯುಗಳು ಸಂಕೋಚಿಸುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದರ ಕಾರಣ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟರೆ ಹಸು ಕಣ್ಣೆದುರಿಗೇ ಎದ್ದು ನಿಲ್ಲುವುದುಂಟು. ಅದೇ ದ್ರಾವಣವನ್ನು ಅವಸರದಲ್ಲಿ ಓಡಿಸಿದರೆ ಹೃದಯವೇ ನಿಂತುಹೋಗಬಹುದು, ಏಕೆಂದರೆ ಹೃದಯವೂ ಒಂದು ಸ್ನಾಯು. ಇನ್ನೂ ವಿಚಿತ್ರವೆಂದರೆ, ಮುನ್ನೆಚ್ಚರಿಕೆಯೆಂದು ಗಬ್ಬದ ಕೊನೆಯ ವಾರಗಳಲ್ಲಿ ಕ್ಯಾಲ್ಸಿಯಂ ಧಾರಾಳವಾಗಿ ತಿನ್ನಿಸಿದರೆ ರೋಗ ಹೆಚ್ಚುತ್ತದೆ; ಹೊರಗಿನಿಂದ ಸಲೀಸಾಗಿ ಸಿಗುವಾಗ, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮರೆತು ಕುಳಿತಿರುತ್ತದೆ. ಈ ಒಂದು ಹಸುವಿನಲ್ಲಿ ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ ಮತ್ತು ಪೋಷಣಾಶಾಸ್ತ್ರ ನಾಲ್ಕೂ ಕೂಡಿವೆ.

ಪೋಷಕ: ಕರು ಹಾಕುವ ಮೊದಲು ಸುಣ್ಣದಂಶದ ಟಾನಿಕ್ ಕುಡಿಸುವ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಅದಿರಲಿ, ಅಂತರಸನಹಳ್ಳಿಯಲ್ಲಿ ದನಕರುಗಳಿಗಿರುವ ಅಪಾಯದ ವಿಚಾರವೇನು?

ಪಶುವೈದ್ಯ: ಹಸು ಆಡಿನಂತೆ ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆಯಿಂದ ಸುತ್ತಿ ಎಳೆದು, ಅರೆಬರೆ ಅಗಿದು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಆದ್ದರಿಂದ ಸಗಟು ಮಾರುಕಟ್ಟೆಯ ಕಸದಲ್ಲಿ ಎಲೆಕೋಸಿನ ಸಿಪ್ಪೆಯ ಜೊತೆಗಿರುವ ಪ್ಲಾಸ್ಟಿಕ್ ಚೀಲವೂ, ಕೈಗಾರಿಕೆಗಳ ಸುತ್ತಲಿನ ಹುಲ್ಲಿನಲ್ಲಿರುವ ತಂತಿಯ ತುಂಡು, ಮೊಳೆಗಳೂ ಒಳಸೇರುತ್ತವೆ. ಪ್ಲಾಸ್ಟಿಕ್ ದೊಡ್ಡಹೊಟ್ಟೆಯಲ್ಲಿ, ಅಂದರೆ ರೂಮೆನ್ ಎಂಬ ಮೊದಲ ಕೋಣೆಯಲ್ಲಿ, ಉಂಡೆಗಟ್ಟಿ ಕುಳಿತು, ಕೊನೆಗೆ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ತಂತಿ ಭಾರವಾದ್ದರಿಂದ ಜೇನುಗೂಡಿನ ಹೆಣಿಗೆಯ ಗೋಡೆಯಿರುವ ರೆಟಿಕ್ಯುಲಮ್ ಎಂಬ ಎರಡನೆಯ ಕೋಣೆಗೆ ಬೀಳುತ್ತದೆ. ಆ ಕೋಣೆಯ ಮುಂದೆ ವಪೆ, ವಪೆಯ ಆಚೆ ಕೆಲವೇ ಅಂಗುಲದ ದೂರದಲ್ಲಿ ಹೃದಯ. ಕೋಣೆ ಸಂಕೋಚಿಸಿದಂತೆಲ್ಲ ತಂತಿ ಮುಂದೆ ಸರಿದು ಹೃದಯದ ಹೊರಕವಚವನ್ನು ಚುಚ್ಚಬಹುದು. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವ, ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವ, ಗಂಗೆದೊಗಲಿನ ಬಳಿ ನೀರು ತುಂಬಿ ಊದಿಕೊಂಡ ಹಸುವನ್ನು ನೋಡಿ ಇಷ್ಟನ್ನು ಊಹಿಸಬಲ್ಲವರು ಅಂಗಗಳು ಎಲ್ಲೆಲ್ಲಿವೆ ಎಂಬುದನ್ನು ಶವಚ್ಛೇದದ ಮೇಜಿನ ಮೇಲೆ ಕಲಿತವರು. ಮೊದಲ ವರ್ಷದಲ್ಲಿ ಹಸುವನ್ನು ಮಾದರಿಯಾಗಿಟ್ಟುಕೊಂಡು, ಕುದುರೆ, ನಾಯಿ, ಹಂದಿ, ಕೋಳಿಗಳಲ್ಲಿ ಅದೇ ಅಂಗ ಹೇಗೆ ಬದಲಾಗುತ್ತದೆ ಎಂಬುದನ್ನು ಹೋಲಿಸಿ ಕಲಿಸುತ್ತಾರೆ. ಸಾಮಾನ್ಯ ಪ್ರಾಣಿಶಾಸ್ತ್ರ ಪದವಿಯಲ್ಲಿ ಈ ಆಳದ ಛೇದನ ಇರುವುದಿಲ್ಲ, ಏಕೆಂದರೆ ಆ ಪದವಿಯ ಗುರಿ ಜೀವಸಂಕುಲದ ಸಮಗ್ರ ಪರಿಚಯವೇ ಹೊರತು ಚಿಕಿತ್ಸೆಯಲ್ಲ.

ಪೋಷಕ: ಅಂದರೆ ಸೀಟು ಸಿಗದಿದ್ದರೆ ಪ್ರಾಣಿಶಾಸ್ತ್ರವನ್ನು ಮುಟ್ಟಲೇಬಾರದೆಂದು ಅರ್ಥವೇ?

ಪಶುವೈದ್ಯ: ಹಾಗಲ್ಲ. ಪಶುವೈದ್ಯಕ್ಕೆ ಕಾಯುವ ಕೋಣೆಯಾಗಿ ಅದನ್ನು ಆರಿಸಬಾರದು, ಅದಕ್ಕಾಗಿಯೇ ಆರಿಸಬಹುದು. ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಓದಿದವರು ಸ್ನಾತಕೋತ್ತರ ಪದವಿಗೆ ಹೋಗಿ, ಪ್ರಾಣಿಗಳ ರೋಗ ಮತ್ತು ಪೋಷಣೆಯ ಸಂಶೋಧನೆಗೆ ಸೇರಬಹುದು. ಬೆಂಗಳೂರಿನಲ್ಲಿಯೇ, ಆಡುಗೋಡಿಯಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆಯೂ, ಯಲಹಂಕದಲ್ಲಿ ಪ್ರಾಣಿರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯೂ ಇವೆ; ಅವುಗಳ ಕೆಲಸಕ್ಕೆ ಪಶುವೈದ್ಯರ ಜೊತೆಗೆ ಪ್ರಯೋಗಾಲಯದ ವಿಜ್ಞಾನ ಬಲ್ಲವರೂ ಸಂಖ್ಯಾಶಾಸ್ತ್ರ ಬಲ್ಲವರೂ ಬೇಕು. ಆದರೆ ಆ ದಾರಿಯಲ್ಲಿ ಹೋದವರು ಹಸುವಿಗೆ ಸೂಜಿ ಹಾಕುವುದಿಲ್ಲ, ಹಸುವಿನ ರಕ್ತದ ಮಾದರಿಯನ್ನು ಪರೀಕ್ಷಿಸುತ್ತಾರೆ. ಈ ವ್ಯತ್ಯಾಸ ಸೇರುವ ಮೊದಲೇ ಹುಡುಗಿಗೆ ತಿಳಿದಿರಬೇಕು.

ಪೋಷಕ: ದನಕರುವಿನ ಹತ್ತಿರವೇ ಇರುವ ಬೇರೆ ಪದವಿಗಳು ಯಾವುವು?

ಪಶುವೈದ್ಯ: ಮೂರನ್ನು ಹೆಸರಿಸಬಹುದು. ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿರುವ ಡೇರಿ ತಂತ್ರಜ್ಞಾನದ ಬಿ.ಟೆಕ್. ನಾಲ್ಕು ವರ್ಷದ್ದು, ಅದಕ್ಕೆ ಗಣಿತ ಬೇಕು. ಕೆಚ್ಚಲಿನಿಂದ ಹೊರಬಂದ ಮೇಲಿನ ಹಾಲಿನ ವಿಜ್ಞಾನ ಅದು: ಜಿಡ್ಡು ಮತ್ತು ಜಿಡ್ಡುರಹಿತ ಘನಾಂಶದ ಅಳತೆ, ಶೀತಲೀಕರಣ, ಪಾಶ್ಚರೀಕರಣ ಎಂಬ ಕಾಯಿಸಿ ತಣಿಸುವ ಕ್ರಿಯೆ, ಹಾಲಿನ ಪುಡಿ ಮತ್ತು ತುಪ್ಪದ ಯಂತ್ರಗಳು. ಮಲ್ಲಸಂದ್ರದಲ್ಲಿರುವ ತುಮಕೂರು ಹಾಲು ಒಕ್ಕೂಟದ ಡೇರಿಯಂಥ ಘಟಕಗಳಲ್ಲಿ ಈ ಓದಿಗೆ ಕೆಲಸವಿದೆ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜಿನ ಬಿ.ಎಫ್.ಎಸ್ಸಿ. ಎರಡನೆಯದು, ಅದೂ ನಾಲ್ಕು ವರ್ಷ, ಕೆರೆಗಳ ಮೀನುಕೃಷಿಯಿಂದ ಸಮುದ್ರದವರೆಗೆ ಅದರ ವ್ಯಾಪ್ತಿ. ಮೂರನೆಯದು ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಕೃಷಿ, ಅದರಲ್ಲಿ ಪಶುಸಂಗೋಪನೆ ಒಂದು ಸಣ್ಣ ಪಾಲು ಮಾತ್ರ. ಇವು ಯಾವುವೂ ಪಶುವೈದ್ಯಕ್ಕೆ ಮೆಟ್ಟಿಲಲ್ಲ, ಆದರೆ ಪ್ರತಿಯೊಂದೂ ತನ್ನ ಮಟ್ಟಿಗೆ ಪೂರ್ಣವಾದ ವೃತ್ತಿ.

ಪೋಷಕ: ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಪಶುಸಂಗೋಪನೆ ಡಿಪ್ಲೊಮಾ ಇದೆಯಲ್ಲ, ಅದು ಹೇಗೆ?

ಪಶುವೈದ್ಯ: ಅದು ಎಸ್‌ಎಸ್‌ಎಲ್‌ಸಿ ನಂತರದ ಡಿಪ್ಲೊಮಾ, ಅಮೃತಮಹಲ್ ತಳಿಯ ಕಾವಲಿನ ನೆಲದಲ್ಲಿಯೇ ಕಲಿಸುವುದರಿಂದ ಕೈಕೆಲಸಕ್ಕೆ ಒಳ್ಳೆಯ ಸ್ಥಳ. ಡಿಪ್ಲೊಮಾದವರಿಗೆ ಕಾಯ್ದೆ ಒಪ್ಪುವುದು ಕಿರು ಪಶುವೈದ್ಯ ಸೇವೆಯನ್ನು, ಅಂದರೆ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಮದ್ದು ಕಟ್ಟುವುದು ಮೊದಲಾದ ಪ್ರಾಥಮಿಕ ನೆರವನ್ನು. ಅದೂ ರಾಜ್ಯ ಸರ್ಕಾರದ ಅನುಮತಿಯಿದ್ದು, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ. ಕಾಲುಬಾಯಿ ರೋಗದ ಲಸಿಕೆ ಅಭಿಯಾನ, ಕುರಿಗಳಿಗೆ ಬರುವ ಪಿಪಿಆರ್ ರೋಗದ ಲಸಿಕೆ ಹಳ್ಳಿಹಳ್ಳಿಗೆ ಮುಟ್ಟುವುದು ಅಂಥವರಿಂದಲೇ ಆದ್ದರಿಂದ ಆ ಕೆಲಸ ಕೀಳೇನಲ್ಲ. ಆದರೆ ಪಿಯುಸಿ ವಿಜ್ಞಾನ ಮುಗಿಸಿ ವೈದ್ಯಳಾಗಬೇಕೆಂದಿರುವ ಹುಡುಗಿಗೆ ಅದು ಹಿಂದಕ್ಕೆ ಇಟ್ಟ ಹೆಜ್ಜೆಯಾಗುತ್ತದೆ.

ಪೋಷಕ: ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಪರೀಕ್ಷೆ ಬರೆಯುವ ದಾರಿ. ಮೂರು ವರ್ಷ ಬಿ.ಎಸ್ಸಿ.ಗೆ ಕೊಡುವುದಕ್ಕಿಂತ ಒಂದು ವರ್ಷ ಕೊಡುವುದು ಅಗ್ಗವಲ್ಲವೇ?

ಪಶುವೈದ್ಯ: ಮೊದಲ ಮಾತಿನ ಲೆಕ್ಕ ಈಗ ತಾವೇ ತಿದ್ದಿದಂತಾಯಿತು. ಪಶುವೈದ್ಯವೇ ಗುರಿಯಾಗಿದ್ದರೆ ಒಂದು ವರ್ಷದ ಮರುಯತ್ನ ಮೂರು ವರ್ಷದ ಸುತ್ತುದಾರಿಗಿಂತ ಖಂಡಿತ ಅಗ್ಗ, ಆದರೆ ಎರಡು ಷರತ್ತುಗಳಿವೆ. ಕೊರತೆಯಾದದ್ದು ಯಾವ ವಿಷಯದಲ್ಲಿ ಎಂಬುದು ನಿಖರವಾಗಿ ಗೊತ್ತಿರಬೇಕು. ಭೌತಶಾಸ್ತ್ರದ ಲೆಕ್ಕಗಳಲ್ಲಿ ಸೋತವರು ಜೀವಶಾಸ್ತ್ರವನ್ನೇ ಮತ್ತೆ ಉರುಹೊಡೆದರೆ ರ‍್ಯಾಂಕು ಅಲ್ಲೇ ನಿಲ್ಲುತ್ತದೆ. ಆ ವರ್ಷ ಒಂದೇ ವರ್ಷವೆಂದು ಮನೆಯವರೆಲ್ಲ ಮೊದಲೇ ಒಪ್ಪಿರಬೇಕು. ಇನ್ನೊಂದು ಸಲ, ಮತ್ತೊಂದು ಸಲ ಎಂದು ಬೆಳೆಯುವ ಮರುಯತ್ನ ಹುಡುಗಿಯ ಧೈರ್ಯವನ್ನು ತಿನ್ನುತ್ತದೆ. ಜೊತೆಗೆ ಆ ವರ್ಷ ಪುಸ್ತಕದ ಮುಂದಷ್ಟೇ ಕಳೆಯಬಾರದು. ಅಮೆರಿಕದ ಪದ್ಧತಿಯಿಂದ ಎರವಲು ಪಡೆಯಬೇಕಾದದ್ದು ಪ್ರೀ-ವೆಟ್ ಪದವಿಯನ್ನಲ್ಲ, ಪಶುವೈದ್ಯರ ಹಿಂದೆ ಓಡಾಡುವ ಗಂಟೆಗಳನ್ನು.

ಪೋಷಕ: ಅದಕ್ಕೆ ಈ ಸೀಮೆಯಲ್ಲಿ ಎಲ್ಲಿಗೆ ಹೋಗಬೇಕು?

ಪಶುವೈದ್ಯ: ದೂರ ಹೋಗಬೇಕಾಗಿಲ್ಲ. ವಾರಕ್ಕೊಂದು ದಿನ ಊರಿನ ಪಶು ಆಸ್ಪತ್ರೆಯಲ್ಲಿ ನಿಂತರೆ ಕೆಚ್ಚಲುಬಾವು, ಹೊಟ್ಟೆ ಉಬ್ಬರ, ಕಸ ಬೀಳದ ಹಸು, ಬೆದೆಗೆ ಬಾರದ ಕಡಸು, ಇವನ್ನೆಲ್ಲ ನೋಡಬಹುದು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಹಲ್ಲು ನೋಡಿ ವಯಸ್ಸು ಹೇಳುವ, ನಡೆ ನೋಡಿ ಗೊರಸಿನ ದೋಷ ಹಿಡಿಯುವ ಹಿರಿಯರಿರುತ್ತಾರೆ. ಆ ಕಣ್ಣು ಪಠ್ಯಪುಸ್ತಕ ಕೊಡಲಾರದ್ದು. ಶಿರಾ, ಪಾವಗಡದ ಕಡೆಗೆ ಹೋದರೆ ಕುರಿಮಂದೆ. ಕುಣಿಗಲ್ಲಿನಲ್ಲಿ, ಮೈಸೂರು ಸೇನೆಗೆ ಕುದುರೆ ಒದಗಿಸಲು 18ನೆಯ ಶತಮಾನದಲ್ಲಿ ಹುಟ್ಟಿ ಮುಂದೆ ಪಂದ್ಯದ ಕುದುರೆಗಳ ತಳಿಸಂವರ್ಧನೆಗೆ ಹೆಸರಾದ ಅಶ್ವಕೇಂದ್ರವಿದೆ. ಮಂದೆಯ ವೈದ್ಯ, ಕುದುರೆಯ ವೈದ್ಯ, ಪಟ್ಟಣದ ನಾಯಿಬೆಕ್ಕುಗಳ ವೈದ್ಯ ಎಂಬ ಮೂವರ ದಿನಚರಿಗಳೂ ಬೇರೆ ಬೇರೆಯೆಂದು ಒಂದೇ ಜಿಲ್ಲೆಯೊಳಗೆ ಅರಿವಾಗುತ್ತದೆ. ಇಷ್ಟನ್ನು ನೋಡಿದ ಮೇಲೆ ಹುಡುಗಿಗೆ ಹೇಸಿಗೆಯೋ ಬೇಸರವೋ ಬಂದರೆ ಅದೂ ಲಾಭವೇ, ಐದೂವರೆ ವರ್ಷ ಉಳಿಯಿತು.

ಪೋಷಕ: ಹೇಸಿಗೆ ಬರುವ ಮಗಳಲ್ಲ, ಡಾಕ್ಟರೇ, ಮನೆಯ ಹಸು ಮೈ ಬಿದ್ದಾಗ ವೈದ್ಯರು ಬರುವವರೆಗೆ ಒದ್ದೆ ಬಟ್ಟೆ ಹೊದಿಸಿ ಕಾದವಳು. ಹಾಗಾದರೆ ಆಯ್ಕೆಪಟ್ಟಿಯನ್ನು ಹೀಗೆ ತುಂಬಬಹುದೇ: ಮೊದಲು ಆರೂ ಕಾಲೇಜುಗಳ ಬಿ.ವಿ.ಎಸ್ಸಿ., ಆಮೇಲೆ ಮೀನುಗಾರಿಕೆ, ಆಮೇಲೆ ಡೇರಿ ತಂತ್ರಜ್ಞಾನ, ಕೊನೆಗೆ ಕೃಷಿ. ಜೊತೆಗೆ ನೀಟ್ ಅಂಕ ಹಿಡಿದು ಪರಿಷತ್ತಿನ ಕೌನ್ಸೆಲಿಂಗಿಗೂ ಒಂದು ಅರ್ಜಿ?

ಪಶುವೈದ್ಯ: ಮೊದಲ ಸಾಲು ಮತ್ತು ಪರಿಷತ್ತಿನ ಅರ್ಜಿ ಎರಡೂ ಸರಿ. ಅದರ ಕೆಳಗೆ ಮೀನುಗಾರಿಕೆಯನ್ನು ಬರೆದದ್ದು ಏಕೆ?

ಪೋಷಕ: ಅದೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂದು, ಮುಂದೆ ಒಳಗಿಂದೊಳಗೆ ಪಶುವೈದ್ಯಕ್ಕೆ ಬದಲಾಯಿಸಿಕೊಳ್ಳಬಹುದೇನೋ ಎಂದು.

ಪಶುವೈದ್ಯ: ಆ ಆಸೆಯಿಂದ ಬರೆದಿದ್ದರೆ ಅದನ್ನು ಅಳಿಸುವುದು ಮೇಲು. ಸೀಟು ಸಿಕ್ಕಿದ ಮೇಲೆ ಮಗಳು ನಾಲ್ಕು ವರ್ಷ ಮೀನನ್ನು ನೋಡುತ್ತ ಹಸುವನ್ನು ನೆನೆಯುತ್ತಾಳೆ. ಇತ್ತ ಮೀನುಗಾರಿಕೆಯನ್ನೇ ಬಯಸಿದ ಇನ್ನೊಬ್ಬರಿಗೆ ಆ ಸೀಟು ತಪ್ಪಿರುತ್ತದೆ. ಬಿ.ವಿ.ಎಸ್ಸಿ.ಯ ಕೆಳಗೆ ಬರೆಯುವ ಪ್ರತಿಯೊಂದು ಸಾಲಿಗೂ ಒಂದೇ ಪ್ರಶ್ನೆಯನ್ನು ಹಾಕಬೇಕು: ಪಶುವೈದ್ಯ ಸೀಟು ಎಂದೆಂದಿಗೂ ಸಿಗುವುದಿಲ್ಲವೆಂದು ಇವತ್ತೇ ಖಚಿತವಾದರೂ ಈ ಪದವಿ ಬೇಕೇ? ಬೇಕು ಎಂಬ ಉತ್ತರ ಹುಡುಗಿಯ ಬಾಯಿಂದಲೇ ಬಂದ ಸಾಲುಗಳು ಮಾತ್ರ ಪಟ್ಟಿಯಲ್ಲಿ ಉಳಿಯಲಿ.

ಪೋಷಕ: ಆ ಪ್ರಶ್ನೆಯನ್ನು ಹಾಕಿದರೆ ಮೀನುಗಾರಿಕೆಯೂ ಕೃಷಿಯೂ ಹೋಗುತ್ತವೆ, ಡೇರಿ ಉಳಿಯುತ್ತದೆ, ಬೆಳಗಿನ ಹಾಲಿನ ಲ್ಯಾಕ್ಟೋಮೀಟರ್ ಲೆಕ್ಕ ಮನೆಯಲ್ಲಿ ನೋಡುವವಳು ಅವಳೇ, ಗಣಿತದಲ್ಲಿ ಅಂಕವೂ ಇದೆ. ಡೇರಿಯೂ ಸಿಗದಿದ್ದರೆ ಒಂದೇ ಒಂದು ವರ್ಷ ಮರುಯತ್ನ, ಅದೂ ಆಗದಿದ್ದರೆ ಸೂಕ್ಷ್ಮಜೀವಶಾಸ್ತ್ರವಿರುವ ಬಿ.ಎಸ್ಸಿ., ಪಶುವೈದ್ಯದ ಆಸೆಯನ್ನು ಅದಕ್ಕೆ ಅಂಟಿಸದೆ.

ಪಶುವೈದ್ಯ: ಪಟ್ಟಿ ಈಗ ಸರಿಯಾಗಿದೆ. ಮಾರುಕಟ್ಟೆಯ ಕೆಲಸ ಮುಗಿಸಿ ಮನೆ ತಲುಪಿದ ಮೇಲೆ ಇದನ್ನು ಮಗಳ ಮುಂದಿಟ್ಟು, ಕೊನೆಯ ಬಟನ್ ಒತ್ತುವುದನ್ನು ಅವಳಿಗೇ ಬಿಡಬೇಕು. ಐದೂವರೆ ವರ್ಷ ಓದುವವಳು ಅವಳು.